ಮಾತ್ರೆಯೋ ಕಸಿಯೋ? ಮೊದಲು ತಲೆಯ ಹಿಂಭಾಗ ನೋಡಿಕೊಳ್ಳಿ

ಕೂದಲು ಕಸಿ ಮಾಡಲು ನನ್ನ ತಲೆಗೆ 3,500 ಗ್ರಾಫ್ಟ್ (ಬೇರುಸಹಿತ ಕಿತ್ತು ನೆಡುವ ಕೂದಲ ಗುಂಪು) ಬೇಕು ಅಂತ ತೀರ್ಮಾನ ಆಗಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಆಗ ನನಗೆ 27 ವಯಸ್ಸು. ಬೆಂಗಳೂರಿನ ಒಂದು ಕ್ಲಿನಿಕ್, ಹೆಸರು ಬೇಡ. ಬ್ಲೇಜರ್ ಹಾಕಿಕೊಂಡಿದ್ದ ಕೌನ್ಸೆಲರ್ ಒಬ್ಬರು ನನ್ನ ಹಣೆಯ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು, "ಇಲ್ಲೀ ತನಕ ಕೂದಲು ತಂದುಕೊಡ್ತೀವಿ ಸರ್" ಅಂದರು. ಕಂತಿನ ಲೆಕ್ಕದ ಕಾಗದ ಅಷ್ಟರಲ್ಲಿ ಪ್ರಿಂಟ್ ಆಗಿತ್ತು. ಡಾಕ್ಟರ್ ಎಲ್ಲಿ ಅಂತ ಕೇಳಿದೆ. ಅವರು ಸರ್ಜರಿ ದಿನ ಸಿಗುತ್ತಾರಂತೆ. ಯೋಚನೆ ಮಾಡಿ ಹೇಳುತ್ತೇನೆ ಅಂತ ಎದ್ದು ಬಂದೆ. ಗೆರೆ ಒರೆಸಿಕೊಳ್ಳುವುದನ್ನು ಮರೆತು ಅದರ ಮೇಲೆಯೇ ಹೆಲ್ಮೆಟ್ ಹಾಕಿಕೊಂಡಿದ್ದೆ. ಮನೆಯಲ್ಲಿ ಅಮ್ಮ ನೋಡಿದವರೇ, "ಇದೇನೋ, ಯಾರು ನಾಮ ಹಾಕಿ ಕಳಿಸಿದರು?" ಅಂದರು.

ಹಾಕಿರಲಿಲ್ಲ, ಸ್ವಲ್ಪದರಲ್ಲಿ ತಪ್ಪಿತ್ತು. ಮರುವಾರ ಚರ್ಮದ ಡಾಕ್ಟರ್ ಒಬ್ಬರ ಹತ್ತಿರ ಹೋದೆ. ಅವರು ಮುಂದಿನ ಕೂದಲನ್ನು ಅರ್ಧ ನಿಮಿಷ ನೋಡಿ, ಹಿಂದಲೆಯನ್ನು ಐದು ನಿಮಿಷ ನೋಡಿದರು. ಇದು ನನಗೆ ವಿಚಿತ್ರ ಅನ್ನಿಸಿತು. ಕೂದಲು ಹೋಗುತ್ತಿರುವುದು ಮುಂದೆ, ಇವರು ಹಿಂದೆ ಏನು ಹುಡುಕುತ್ತಿದ್ದಾರೆ? ಈಗ ನನಗೆ 41. ಹದಿನಾಲ್ಕು ವರ್ಷ ಔಷಧ ಬಳಸಿದ್ದೇನೆ, ಕಸಿ ಮಾಡಿಸಿಕೊಂಡಿಲ್ಲ. ನಮ್ಮ ಭಾವ ಮಾಡಿಸಿಕೊಂಡಿದ್ದಾರೆ, ಅದೂ 25ನೇ ವಯಸ್ಸಿಗೇ. ಇಬ್ಬರ ತಲೆಯನ್ನೂ ಹತ್ತಿರದಿಂದ ನೋಡಿದವನಾಗಿ ಹೇಳುವುದು ಇಷ್ಟು: ಔಷಧಕ್ಕೂ ಕಸಿಗೂ ಜಗಳವೇ ಇಲ್ಲ. ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಯಾವುದು ಮೊದಲು ಅನ್ನುವುದರಲ್ಲಿ ತಪ್ಪಿದರೆ ಮಾತ್ರ ಕೆಟ್ಟಿತು.

ಇದು ಯಾವ ಉದುರುವಿಕೆ?

ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ಸ್ನಾನದ ಮನೆಯ ಜಾಲರಿ ನೋಡಿ ಗಾಬರಿ ಬೀಳಬೇಡಿ. ಟೈಫಾಯ್ಡ್, ಡೆಂಗಿ, ಕೋವಿಡ್, ಹೆರಿಗೆ, ಏಕಾಏಕಿ ಊಟ ಬಿಟ್ಟು ತೂಕ ಇಳಿಸಿದ್ದು, ಇಂಥದ್ದಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ನೋಡಿದರೆ ಭಯ ಆಗುತ್ತದೆ, ಆದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ. ಇದಕ್ಕೆ ಕಸಿ ಅಂತ ಯಾರಾದರೂ ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಡಿ. ನಾಣ್ಯದ ಗಾತ್ರದಲ್ಲಿ ಗುಂಡಗೆ ಹೋಗಿ, "ಹುಳ ತಿಂದಿದೆ" ಅಂತ ಹಿರಿಯರು ಹೇಳುತ್ತಾರಲ್ಲ, ಅದರಲ್ಲಿ ಹುಳ ಯಾವುದೂ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬೇರಿನ ಮೇಲೆ ಬಿದ್ದಿರುತ್ತದೆ. ಅದರ ಚಿಕಿತ್ಸೆಯೇ ಬೇರೆ. ತಲೆಯ ಚರ್ಮ ಕೆಂಪಾಗಿ, ನುಣುಪಾಗಿ, ಕಲೆ ಕಟ್ಟುತ್ತಾ ಹೋಗುವ ಉದುರುವಿಕೆಯೂ ಇದೆ. ಅದಕ್ಕೆ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು.

ನಾನು ಇಲ್ಲಿ ಮಾತಾಡುತ್ತಿರುವುದು ಗಂಡಸರಲ್ಲಿ ಹಣೆಯ ಎರಡೂ ಮೂಲೆಯಿಂದ ಹಿಂದೆ ಸರಿಯುವ, ನೆತ್ತಿಯಲ್ಲಿ ತೆಳುವಾಗುವ ಮಾಮೂಲಿ ಬೊಕ್ಕತಲೆ ಬಗ್ಗೆ. ಇದನ್ನು ಡಾಕ್ಟರುಗಳು ನಾರ್ವುಡ್ ಸ್ಕೇಲ್‌ನಲ್ಲಿ 1ರಿಂದ 7ರವರೆಗೆ ಅಳೆಯುತ್ತಾರೆ. 7 ಅಂದರೆ ಕಿವಿಯಿಂದ ಕಿವಿಗೆ ಹಿಂದೆ ಒಂದು ಪಟ್ಟಿ ಮಾತ್ರ ಉಳಿದಿದೆ ಅಂತ ಅರ್ಥ.

ಅಂದಹಾಗೆ, ಬೆಂಗಳೂರಿನಲ್ಲಿ ಯಾರ ಕೂದಲು ಉದುರಿದರೂ ಬೋರ್‌ವೆಲ್ ನೀರಿನ ಮೇಲೆ ಕೇಸು. ಊರಿಂದ ಬಂದು ಪಿಜಿ ಸೇರಿದ ಹುಡುಗರೆಲ್ಲ ಇದನ್ನೇ ಹೇಳುತ್ತಾರೆ. ಗಡಸು ನೀರಿಗೆ ಕೂದಲು ಒರಟಾಗಬಹುದು, ಮುರಿಯಬಹುದು. ಆದರೆ ಹಣೆ ಹಿಂದೆ ಸರಿಯುವುದು ನೀರಿಂದ ಅಲ್ಲ. ಊರು ಬಿಟ್ಟು ಬರುವ ವಯಸ್ಸೂ, ಬೊಕ್ಕತಲೆ ಶುರುವಾಗುವ ವಯಸ್ಸೂ ಒಂದೇ ಆಗಿರುತ್ತದೆ, ಅಷ್ಟೇ. ಹೆಲ್ಮೆಟ್ ಮೇಲಿನ ಕೇಸೂ ವಜಾ. ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆ ಅನ್ನುವುದೂ ಹಾಗೆಯೇ. ಮಾದಪ್ಪನ ಬೆಟ್ಟಕ್ಕೆ ಹರಕೆ ಇದ್ದರೆ ಭಕ್ತಿಯಿಂದ ಕೊಡಿ. ಬೋಳಿಸಿದ ಕೂದಲಿನ ತುದಿ ಮೊಂಡಾಗಿರುತ್ತದೆ, ಕೈಗೆ ಒರಟು ಅನ್ನಿಸುತ್ತದೆ, ದಪ್ಪ ಅಂತ ನಾವು ಅಂದುಕೊಳ್ಳುತ್ತೇವೆ. ಬೇರುಗಳ ಎಣಿಕೆ ಬದಲಾಗಿರುವುದಿಲ್ಲ.

ಎರಡು ಹಳೆಯ ಕಥೆಗಳು

ಔಷಧ ಏನು ಮಾಡುತ್ತದೆ, ಕಸಿ ಏನು ಮಾಡುತ್ತದೆ ಅಂತ ತಿಳಿಯಲು ಎರಡು ಕಥೆ ಗೊತ್ತಿದ್ದರೆ ಸಾಕು. ಕ್ಲಿನಿಕ್ಕಿನ ಬ್ರೋಷರ್ ಓದುವ ಅಗತ್ಯವೇ ಇಲ್ಲ.

ಮೊದಲನೆಯದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಅನ್ನುವ ಅಂಗರಚನಾ ತಜ್ಞರದ್ದು. ಹರೆಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬೊಕ್ಕತಲೆ ಬರುವುದೇ ಇಲ್ಲ ಅಂತ ಅವರು 1942ರಲ್ಲಿ ಬರೆದರು. ಅಂಥವರಿಗೆ ಟೆಸ್ಟೋಸ್ಟೆರೋನ್ ಕೊಟ್ಟಾಗ, ವಂಶದಲ್ಲಿ ಬೊಕ್ಕತಲೆ ಇದ್ದವರಿಗೆ ಕೂದಲು ಹೋಗಲು ಶುರುವಾಯಿತು. ಅಂದರೆ ಗಂಡು ಹಾರ್ಮೋನೂ ಬೇಕು, ವಂಶವೂ ಬೇಕು. ಆಮೇಲೆ 1974ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಒಂದು ಹಳ್ಳಿಯ ಸಂಗತಿ ಹೊರಬಂತು. ಅಲ್ಲಿ ಕೆಲವು ಮಕ್ಕಳು ಹುಟ್ಟಿದಾಗ ಹೆಣ್ಣುಮಕ್ಕಳಂತೆ ಕಾಣುತ್ತಿದ್ದರು, ಹರೆಯ ಬಂದಾಗ ಗಂಡಾಗುತ್ತಿದ್ದರು. ಟೆಸ್ಟೋಸ್ಟೆರೋನನ್ನು ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನಾಗಿ ಬದಲಿಸುವ ಕಿಣ್ವ ಅವರಲ್ಲಿ ಕೈಕೊಟ್ಟಿತ್ತು. ಈ ಗಂಡಸರಿಗೆ ದೊಡ್ಡವರಾದ ಮೇಲೂ ಹಣೆ ಹಿಂದೆ ಸರಿಯಲಿಲ್ಲ, ಪ್ರಾಸ್ಟೇಟ್ ಗ್ರಂಥಿಯೂ ಸಣ್ಣದಾಗಿಯೇ ಇತ್ತು. ಔಷಧ ಕಂಪನಿಗಳ ಕಿವಿ ನೆಟ್ಟಗಾಯಿತು. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಬಂತು. 1992ರಲ್ಲಿ ಪ್ರಾಸ್ಟೇಟಿಗೆ 5 ಮಿ.ಗ್ರಾಂ., 1997ರಲ್ಲಿ ಕೂದಲಿಗೆ 1 ಮಿ.ಗ್ರಾಂ.

ಎರಡನೆಯ ಕಥೆ ನ್ಯೂಯಾರ್ಕಿನ ಚರ್ಮದ ಡಾಕ್ಟರ್ ನಾರ್ಮನ್ ಒರೆಂಟ್ರೈಕ್ ಅವರದ್ದು. 1950ರ ದಶಕದಲ್ಲಿ ಅವರು ಹಿಂದಲೆಯ ಕೂದಲಿರುವ ಚರ್ಮವನ್ನು ಸಣ್ಣ ಬಿಲ್ಲೆಯಂತೆ ತೆಗೆದು ಬೋಳಾದ ಜಾಗದಲ್ಲಿ ಇಟ್ಟು ನೋಡಿದರು. ಹಿಂದಲೆಯ ಕೂದಲು ಮುಂದೆ ಬಂದ ಮೇಲೂ ಹಿಂದಲೆಯ ಕೂದಲಿನಂತೆಯೇ ಬೆಳೆಯಿತು. ಡಿಎಚ್‌ಟಿಗೆ ಬಗ್ಗಲಿಲ್ಲ. ಜಾಗ ಬದಲಾದರೂ ಗುಣ ಬದಲಾಗಲಿಲ್ಲ. ಇವತ್ತಿನ ಕೂದಲು ಕಸಿ ಎಲ್ಲವೂ ನಿಂತಿರುವುದು ಈ ಒಂದು ಗಮನಿಕೆಯ ಮೇಲೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮುಂದಲೆಯ, ನೆತ್ತಿಯ ಕೂದಲು ಡಿಎಚ್‌ಟಿಗೆ ಸೋಲುತ್ತದೆ. ಹಿಂದಲೆಯದು ಸೋಲುವುದಿಲ್ಲ. ಸೋಲುತ್ತಿರುವ ಕೂದಲನ್ನು ಔಷಧ ಕಾಪಾಡುತ್ತದೆ. ಸೋಲದ ಕೂದಲನ್ನು ಕಸಿ ತಂದು ನೆಡುತ್ತದೆ. ಭತ್ತದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಸಿಮಡಿಯಿಂದ ಪೈರು ಕಿತ್ತು ಗದ್ದೆಗೆ ನಾಟಿ ಮಾಡುತ್ತೀರಿ. ಒಂದೇ ವ್ಯತ್ಯಾಸ: ಈ ಸಸಿಮಡಿಯಲ್ಲಿ ಕಿತ್ತ ಜಾಗದಲ್ಲಿ ಮತ್ತೆ ಮೊಳೆಯುವುದಿಲ್ಲ. ನನ್ನ ಡಾಕ್ಟರ್ ಐದು ನಿಮಿಷ ಹಿಂದಲೆ ನೋಡಿದ್ದು ಇದಕ್ಕೇ. ಸಸಿ ಎಷ್ಟಿದೆ ಅಂತ ಎಣಿಸುತ್ತಿದ್ದರು.

ಔಷಧದ ದಾರಿ

ನಂಬಿಕೊಳ್ಳಬಹುದಾದ ಔಷಧ ಮುಖ್ಯವಾಗಿ ಎರಡೇ: ಹಚ್ಚುವ ಮಿನಾಕ್ಸಿಡಿಲ್, ನುಂಗುವ ಫಿನಾಸ್ಟರೈಡ್.

ಮಿನಾಕ್ಸಿಡಿಲ್ ಮೊದಲಿಗೆ ಬಿಪಿ ಮಾತ್ರೆ. 1979ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ತಿಂದವರಿಗೆ ಮುಖ, ಕೈ, ಬೆನ್ನಲ್ಲೆಲ್ಲ ಕೂದಲು ಬಂತು. ಅದನ್ನೇ ಲೋಷನ್ ಮಾಡಿ 1988ರಲ್ಲಿ ತಲೆಗೆ ತಂದರು. ಗಂಡಸರಿಗೆ ಸಾಮಾನ್ಯವಾಗಿ ಶೇ 5ರದ್ದು, ಒಂದು ಸಲಕ್ಕೆ 1 ಮಿ.ಲೀ., ದಿನಕ್ಕೆ ಎರಡು ಸಲ. ಹಚ್ಚಬೇಕಾದದ್ದು ಚರ್ಮಕ್ಕೆ. ಕೂದಲಿಗೆ ಹಚ್ಚಿದರೆ ಕೂದಲು ಅಂಟು, ದುಡ್ಡು ದಂಡ. ಶುರುಮಾಡಿದ ಕೆಲವು ವಾರಕ್ಕೆ ಉದುರುವುದು ಜಾಸ್ತಿ ಆಗುತ್ತದೆ. ಹಳೆಯ ಕೂದಲು ಹೊಸದಕ್ಕೆ ಜಾಗ ಬಿಡುತ್ತಿರುತ್ತದೆ. ಬಹಳ ಜನ ಸರಿಯಾಗಿ ಇಲ್ಲಿಯೇ ಹೆದರಿ ಬಿಡುತ್ತಾರೆ. ನಾನೂ ಮೊದಲ ಸಲ ಆರನೇ ವಾರಕ್ಕೆ ಬಾಟಲಿ ಎಸೆದಿದ್ದೆ. ಫಲ ಇದೆಯೋ ಇಲ್ಲವೋ ಅಂತ ಹೇಳಲು ಕನಿಷ್ಠ ನಾಲ್ಕರಿಂದ ಆರು ತಿಂಗಳು ಬೇಕು. ಇದು ತಲೆಯ ಚರ್ಮದಲ್ಲಿರುವ ಒಂದು ಕಿಣ್ವದಿಂದ ಬದಲಾದ ಮೇಲಷ್ಟೇ ಕೆಲಸ ಮಾಡುತ್ತದೆ. ಆ ಕಿಣ್ವ ಕಡಿಮೆ ಇರುವವರಿಗೆ ಎಷ್ಟು ಹಚ್ಚಿದರೂ ಅಷ್ಟಕ್ಕಷ್ಟೇ. ಕೆಲವರಿಗೆ ಲೋಷನ್ನಿನಿಂದ ತುರಿಕೆ, ಹೊಟ್ಟು ಏಳುತ್ತದೆ. ಅಂಥವರಿಗೆ ಫೋಮ್ ಇದೆ. ಮನೆಯಲ್ಲಿ ಬೆಕ್ಕು ಇದ್ದರೆ ಒಂದು ಎಚ್ಚರಿಕೆ: ಇದು ಬೆಕ್ಕಿಗೆ ವಿಷ. ದಿಂಬಿನ ಮೇಲಿನ ಕಲೆ ನೆಕ್ಕಿದರೂ ಅಪಾಯ.

ಈಚೆಗೆ ಮಿನಾಕ್ಸಿಡಿಲ್ ಅನ್ನು ಕಡಿಮೆ ಪ್ರಮಾಣದಲ್ಲಿ ಮಾತ್ರೆಯಾಗಿಯೂ ಬರೆಯುತ್ತಾರೆ. ಹಚ್ಚುವ ಕಿರಿಕಿರಿ ಇಲ್ಲ. ಆದರೆ ಅದು ಮೂಲದಲ್ಲಿ ಬಿಪಿ ಔಷಧ ಅಲ್ವಾ? ಎದೆ ಬಡಿತ ಜೋರಾಗುವುದು, ಕಾಲು ಊದುವುದು, ಕೆನ್ನೆಯ ಮೇಲೆಲ್ಲ ಕೂದಲು ಬರುವುದು ಇರುತ್ತದೆ. ಹೃದಯದ ತೊಂದರೆ ಇದ್ದವರಂತೂ ಗೆಳೆಯ ಹೇಳಿದ ಅಂತ ತಿನ್ನಲೇಬಾರದು.

ಫಿನಾಸ್ಟರೈಡ್ ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಶೇ 70ರಷ್ಟು ಇಳಿಸುತ್ತದೆ. ಕಂಪನಿಯ ಎರಡು ವರ್ಷದ ಪರೀಕ್ಷೆಯಲ್ಲಿ ಮಾತ್ರೆ ತಿಂದವರಲ್ಲಿ ಶೇ 83 ಮಂದಿಯ ನೆತ್ತಿಯ ಕೂದಲ ಎಣಿಕೆ ಇಳಿಯಲಿಲ್ಲ. ಔಷಧವಿಲ್ಲದ ಹುಸಿ ಮಾತ್ರೆ ತಿಂದವರಲ್ಲಿ ಹೀಗೆ ಉಳಿಸಿಕೊಂಡವರು ಶೇ 28. ಗಮನಿಸಿ, ಇಲ್ಲಿ ಗೆಲುವು ಅಂದರೆ ಹೆಚ್ಚಾಗಿ ಇದ್ದದ್ದು ಉಳಿಯುವುದು. ನುಣ್ಣಗಾದ ಹಣೆಯಲ್ಲಿ ಕಾಡು ಬೆಳೆಯುವುದಿಲ್ಲ. ಜಾಹೀರಾತಿನ ಫೋಟೊ ನೋಡಿ ಬರುವವರು ನಿರಾಶರಾಗುವುದು ಇಲ್ಲಿಯೇ.

ಅಡ್ಡ ಪರಿಣಾಮದ ಬಗ್ಗೆ ಮುಚ್ಚುಮರೆ ಬೇಡ. ಅದೇ ಪರೀಕ್ಷೆಗಳಲ್ಲಿ ಕಾಮಾಸಕ್ತಿ, ನಿಮಿರುವಿಕೆ ಕುಗ್ಗುವಂಥ ತೊಂದರೆ ಹೇಳಿಕೊಂಡವರು ಮಾತ್ರೆಯ ಕಡೆ ಶೇ 3.8, ಹುಸಿ ಮಾತ್ರೆಯ ಕಡೆ ಶೇ 2.1. ಹೆಚ್ಚಿನವರಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ. ಬಿಟ್ಟ ಮೇಲೂ ಉಳಿಯಿತು ಅಂತ ಹೇಳುವವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದು ಅನ್ನುವ ಎಚ್ಚರಿಕೆ ಈಗ ಮಾತ್ರೆಯ ಮಾಹಿತಿಯಲ್ಲಿಯೇ ಇದೆ. ಮೊದಲೇ ಖಿನ್ನತೆ ಇದ್ದವರು ಡಾಕ್ಟರಿಗೆ ಹೇಳಿ, ಮನೆಯಲ್ಲಿಯೂ ಒಬ್ಬರಿಗೆ ತಿಳಿಸಿ. ಇನ್ನೂ ಮೂರು ವಿಷಯವನ್ನು ಮೆಡಿಕಲ್ ಶಾಪಿನವರು ಹೇಳುವುದಿಲ್ಲ. ಬಸುರಿಯರು ಈ ಮಾತ್ರೆಯ ಪುಡಿ, ಮುರಿದ ಚೂರು ಮುಟ್ಟಬಾರದು, ಗಂಡು ಶಿಶುವಿಗೆ ತೊಂದರೆ. 5 ಮಿ.ಗ್ರಾಂ. ತಂದು ನಾಲ್ಕು ಚೂರು ಮಾಡುವ ಜಾಣರು ಇದನ್ನು ನೆನಪಿಡಬೇಕು. ಇದೇ ಕಾರಣಕ್ಕೆ ಮಾತ್ರೆ ತಿನ್ನುವವರು ರಕ್ತದಾನಕ್ಕೆ ಹೋದರೆ ಮೊದಲೇ ಹೇಳಬೇಕು, ನಿಲ್ಲಿಸಿ ಒಂದು ತಿಂಗಳಾದ ಮೇಲೆ ಕೊಡುವುದು ರೂಢಿ. ಮೂರನೆಯದು, ಪ್ರಾಸ್ಟೇಟ್ ಕ್ಯಾನ್ಸರ್ ಹುಡುಕುವ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ. ರಿಪೋರ್ಟ್ ಚೆನ್ನಾಗಿದೆ ಅಂತ ಸುಮ್ನೆ ಖುಷಿಪಡುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಷರತ್ತು ಬೇರೆ ಇದೆ. ನಿಲ್ಲಿಸಿದರೆ ಗಳಿಸಿದ್ದೆಲ್ಲ ಹೋಗುತ್ತದೆ. ಮಿನಾಕ್ಸಿಡಿಲ್ ಬಿಟ್ಟ ಕೆಲವೇ ತಿಂಗಳಲ್ಲಿ, ಫಿನಾಸ್ಟರೈಡ್ ಬಿಟ್ಟ ಒಂದು ವರ್ಷದೊಳಗೆ ಮೊದಲಿದ್ದ ಸ್ಥಿತಿಗೆ ಬರುತ್ತೀರಿ. ಇದು ಬಿಪಿ ಮಾತ್ರೆಯ ಹಾಗೆ. ನಾಲ್ಕು ತಿಂಗಳ ಕೋರ್ಸ್ ಅಂತ ಯಾರಾದರೂ ಮಾರಿದರೆ ಅವರಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ.

ಉಳಿದ ನಾನ್ ಸರ್ಜಿಕಲ್ ಬಾಬತ್ತುಗಳು

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ತಲೆಗೆ ಚುಚ್ಚುವುದು. ಸಾಮಾನ್ಯವಾಗಿ ತಿಂಗಳಿಗೊಂದರಂತೆ ಮೂರು, ಆಮೇಲೆ ಆಗಾಗ. ಕೆಲವರಿಗೆ ಉಪಯೋಗ ಆಗಿದೆ. ಆದರೆ ಒಬ್ಬೊಬ್ಬರು ಒಂದೊಂದು ರೀತಿ ತಯಾರಿಸುತ್ತಾರೆ, ಫಲಿತಾಂಶವೂ ಹಾಗೇ ಇರುತ್ತದೆ. ಔಷಧದ ಜೊತೆಗೆ ಸೇರಿಸಿಕೊಳ್ಳಬಹುದು. ಔಷಧದ ಬದಲಿಗೆ ಇದನ್ನೇ ನಂಬಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಲೇಸರ್ ಬಾಚಣಿಗೆ, ಲೇಸರ್ ಟೋಪಿಗಳೂ ಅಷ್ಟೇ. ಅಪಾಯ ಕಡಿಮೆ, ಫಲವೂ ಕಡಿಮೆ, ಬೆಲೆ ಮಾತ್ರ ಕಡಿಮೆ ಇಲ್ಲ.

ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ: ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತದೆ ಅನ್ನಲು ಆಧಾರ ಇಲ್ಲ. ಮೇಲಾಗಿ, ಜಾಸ್ತಿ ಬಯೋಟಿನ್ ತಿಂದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯ ಅಂಕಿಗಳೇ ತಪ್ಪಾಗಬಹುದು. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಎಣ್ಣೆ ಇವತ್ತು ದೇಶಕ್ಕೆಲ್ಲ ಗೊತ್ತು. ಅವರ ದುಡಿಮೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಎಣ್ಣೆ ಯಾವುದೇ ಇರಲಿ, ಹೊರಗಿರುವ ಕೂದಲನ್ನು ನಯ ಮಾಡುತ್ತದೆ, ಮುರಿಯದಂತೆ ನೋಡಿಕೊಳ್ಳುತ್ತದೆ. ಒಳಗೆ ಬೇರಿನ ಹತ್ತಿರ ನಡೆಯುವ ಡಿಎಚ್‌ಟಿ ಜಗಳಕ್ಕೆ ಅದು ಬರುವುದಿಲ್ಲ.

ಇನ್ನೊಂದು ಮೋಜು. "ನಾನ್ ಸರ್ಜಿಕಲ್ ಹೇರ್ ರೀಪ್ಲೇಸ್‌ಮೆಂಟ್" ಅನ್ನುವ ಬೋರ್ಡು ನೋಡಿ ಔಷಧ ಅಂತ ಒಳಗೆ ಹೋಗಬೇಡಿ. ಅದು ಹೇರ್ ಪ್ಯಾಚ್, ಅಂದರೆ ವಿಗ್ಗಿನ ತಮ್ಮ. ಟೇಪು, ಅಂಟು, ಕ್ಲಿಪ್ಪುಗಳಲ್ಲಿ ಕೂರಿಸುತ್ತಾರೆ. ಒಂದೇ ದಿನದಲ್ಲಿ ತಲೆ ತುಂಬುತ್ತದೆ, ನಿಜ. ಕೆಲವು ವಾರಕ್ಕೊಮ್ಮೆ ಬಿಚ್ಚಿ, ತೊಳೆದು, ಮತ್ತೆ ಅಂಟಿಸಬೇಕು. ನಮ್ಮ ಸೆಖೆಗೆ ಕೆಳಗೆ ಬೆವರು ಬೇರೆ. ಆದರೂ ಹಿಂದಲೆಯಲ್ಲಿ ಸಸಿಯೇ ಇಲ್ಲದವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಇದು ಒಳ್ಳೆಯ ದಾರಿಯೇ.

ಕಸಿಯ ದಾರಿ

ಕೂದಲು ಎಲ್ಲವೂ ಒಂಟಿಯಾಗಿ ಬೆಳೆಯುವುದಿಲ್ಲ. ಒಂದರಿಂದ ನಾಲ್ಕರ ಗುಂಪಾಗಿ ಬೆಳೆಯುತ್ತದೆ. ಆ ಒಂದು ಗುಂಪೇ ಒಂದು ಗ್ರಾಫ್ಟ್. "6,000 ಕೂದಲು" ಅನ್ನುವ ಆಫರ್ ಕಂಡರೆ ಗ್ರಾಫ್ಟ್ ಎಷ್ಟು ಅಂತ ಕೇಳಿ. 3,000ದ ಹತ್ತಿರ ಇರುತ್ತದೆ.

ಸಸಿ ತೆಗೆಯಲು ಎರಡು ವಿಧಾನ. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಚರ್ಮದ ಒಂದು ಪಟ್ಟಿಯನ್ನೇ ಕತ್ತರಿಸಿ, ಹೊಲಿದು, ಪಟ್ಟಿಯಿಂದ ಗ್ರಾಫ್ಟ್ ಬಿಡಿಸುತ್ತಾರೆ. ಉದ್ದ ಗೆರೆಯ ಕಲೆ ಉಳಿಯುತ್ತದೆ. ಕೂದಲು ಉದ್ದ ಬಿಟ್ಟರೆ ಕಾಣುವುದಿಲ್ಲ. ಎಫ್‌ಯುಇಯಲ್ಲಿ ಒಂದು ಮಿ.ಮೀ.ಗಿಂತ ಸಣ್ಣ ಕೊಳವೆಯಿಂದ ಒಂದೊಂದೇ ಗುಂಪನ್ನು ಕೊರೆದು ತೆಗೆಯುತ್ತಾರೆ. ಚುಕ್ಕಿ ಚುಕ್ಕಿ ಕಲೆ. ಈಗ ಬಹುತೇಕ ಎಲ್ಲ ಕಡೆ ನಡೆಯುವುದು ಇದೇ. "ಕಲೆಯೇ ಇಲ್ಲ" ಅನ್ನುವುದು ಮಾತ್ರ ಸುಳ್ಳು. ಅತಿಯಾಗಿ ಕಿತ್ತರೆ ಹಿಂದಲೆ ನುಸಿ ತಿಂದ ಉಣ್ಣೆ ಬಟ್ಟೆಯಂತಾಗುತ್ತದೆ.

ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಎಚ್ಚರವಾಗಿಯೇ ಇರುತ್ತೀರಿ. ಆರರಿಂದ ಎಂಟು ಗಂಟೆ. ನೋವೆಲ್ಲ ಆ ಇಂಜೆಕ್ಷನ್ನಿನದ್ದೇ, ಮಿಕ್ಕದ್ದು ಬೇಜಾರು ಅಷ್ಟೇ ಅನ್ನುತ್ತಾರೆ ಭಾವ. ಮೂರು ನಾಲ್ಕನೇ ದಿನಕ್ಕೆ ಹಣೆ ಊದಿ ಕಣ್ಣಿಗೆ ಇಳಿಯಬಹುದು. ಹತ್ತು ದಿನದಲ್ಲಿ ಹಕ್ಕಳೆ ಉದುರುತ್ತದೆ. ಆಮೇಲೆ ಎದೆ ಒಡೆಯುವ ಸಂಗತಿ: ನೆಟ್ಟ ಕೂದಲೆಲ್ಲ ಎರಡು ನಾಲ್ಕು ವಾರದಲ್ಲಿ ಉದುರಿಹೋಗುತ್ತದೆ. ಬೇರು ಒಳಗಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ಮೊಳೆಯುತ್ತದೆ. ಪೂರ್ತಿ ಫಲ ಕಾಣಲು ಒಂದು ವರ್ಷ, ನೆತ್ತಿಗೆ ಇನ್ನೂ ಜಾಸ್ತಿ. ಇದನ್ನು ಮೊದಲೇ ಹೇಳದ ಕ್ಲಿನಿಕ್ಕುಗಳಿಂದಾಗಿ ಎಷ್ಟು ಹುಡುಗರು ಎರಡನೇ ತಿಂಗಳು ಕನ್ನಡಿ ಮುಂದೆ ಅತ್ತಿದ್ದಾರೋ.

ಕಸಿಯ ಶಕ್ತಿಯೂ ಮಿತಿಯೂ ಒಂದೇ ಕಡೆ ಇವೆ. ನುಣ್ಣಗಾದ ಜಾಗಕ್ಕೆ ಕೂದಲು ತರುವುದು ಇದಕ್ಕೆ ಮಾತ್ರ ಸಾಧ್ಯ. ಔಷಧದಿಂದ ಆಗುವುದಿಲ್ಲ. ಆದರೆ ಇದು ಹೊಸ ಕೂದಲು ಹುಟ್ಟಿಸುವುದಿಲ್ಲ. ಇದ್ದದ್ದನ್ನೇ ಹಂಚುತ್ತದೆ. ಒಬ್ಬ ಮನುಷ್ಯನ ಹಿಂದಲೆಯಿಂದ ಜೀವಮಾನದಲ್ಲಿ ತೆಗೆಯಬಹುದಾದದ್ದು ಸುಮಾರು 4,000ದಿಂದ 6,000 ಗ್ರಾಫ್ಟ್. ಹುಟ್ಟಿನ ದಟ್ಟಣೆಯ ಅರ್ಧದಷ್ಟು ನೆಟ್ಟರೂ ಕಣ್ಣಿಗೆ ತುಂಬಿದಂತೆ ಕಾಣುತ್ತದೆ ಅನ್ನುವುದೇ ಇಲ್ಲಿನ ಜಾಣತನ.

ಈಗ ಭಾವನ ಕಥೆಗೆ ಬರುತ್ತೇನೆ. 25ಕ್ಕೆ ಹಣೆಯ ಎರಡು ಮೂಲೆ ಸವೆದಿತ್ತು. ಕಾಲೇಜಿನ ಫೋಟೊ ತೋರಿಸಿ ಅದೇ ಗೆರೆ ಬೇಕು ಅಂದರು. ಒಂದು ಕ್ಲಿನಿಕ್ ಬೇಡ ಅಂತ ಹೇಳದೆ 2,800 ಗ್ರಾಫ್ಟ್ ಮುಂದೆ ಸುರಿಯಿತು. ಮದುವೆ ಫೋಟೊಗಳಲ್ಲಿ ರಾಜಕುಮಾರನಂತೆ ಇದ್ದಾರೆ. ಔಷಧ ಮುಂದುವರಿಸಿ ಅಂತ ಯಾರೂ ಹೇಳಲಿಲ್ಲ, ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ ಅನ್ನಿ. ನೆಟ್ಟ ಕೂದಲು ಕಲ್ಲಿನಂತೆ ನಿಂತಿತು. ಅದರ ಹಿಂದೆ ಇದ್ದ ಹುಟ್ಟು ಕೂದಲು ತನ್ನ ಪಾಡಿಗೆ ಹೋಗುತ್ತಾ ಬಂತು. 33ಕ್ಕೆ ಮುಂದೆ ಒಂದು ದಟ್ಟ ಪಟ್ಟಿ, ಹಿಂದೆ ಬಯಲು, ಆಮೇಲೆ ಮತ್ತೆ ಕೂದಲು. ಹೊಳೆಯ ನಡುವಿನ ನಡುಗಡ್ಡೆ. ಬಯಲು ತುಂಬಲು ಸಸಿ ಬೇಕು, ಆದರೆ ಸಸಿಮಡಿಯಲ್ಲಿ ಒಳ್ಳೆಯದೆಲ್ಲ ಆಗಲೇ ಖರ್ಚಾಗಿತ್ತು. ಎರಡನೇ ಸರ್ಜರಿಯಲ್ಲಿ ಗಡ್ಡದ ಕೂದಲನ್ನೂ ತೆಗೆದು ನೆತ್ತಿಗೆ ಹಾಕಿದರು. ಈಗ ಪರವಾಗಿಲ್ಲ. ದಿನಾ ಮಾತ್ರೆ ತಿನ್ನುತ್ತಾರೆ.

ದುಡ್ಡಿನ ಲೆಕ್ಕ

ಔಷಧ ಅಗ್ಗ, ಕಸಿ ದುಬಾರಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಲೋಷನ್, ಮಾತ್ರೆ ಸೇರಿ ತಿಂಗಳಿಗೆ ಸಾವಿರ ರೂಪಾಯಿ ಅಂತ ಇಟ್ಟುಕೊಳ್ಳಿ. ಹತ್ತು ವರ್ಷಕ್ಕೆ 1,20,000. ಗ್ರಾಫ್ಟಿಗೆ 40 ರೂಪಾಯಿ ಅಂತ ಇಟ್ಟುಕೊಂಡರೆ 2,500 ಗ್ರಾಫ್ಟಿಗೆ ಒಂದು ಲಕ್ಷ. ಅದರ ಮೇಲೆ ಜಿಎಸ್‌ಟಿ. ಆಸ್ಪತ್ರೆ ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ. ಆದರೆ ಆ ವಿನಾಯಿತಿಯಿಂದ ಕೂದಲು ಕಸಿಯನ್ನು ಹೆಸರು ಹಿಡಿದೇ ಹೊರಗಿಟ್ಟಿದ್ದಾರೆ. ಗಾಯ, ಹುಟ್ಟಿನ ದೋಷದಂಥ ಕಾರಣಕ್ಕೆ ಮಾಡಿಸಿದರೆ ಮಾತ್ರ ಬೇರೆ. ಶೇ 18 ಸೇರಿದರೆ 1,18,000. ಹತ್ತು ವರ್ಷಕ್ಕೆ ಎರಡೂ ಒಂದೇ ಆಯಿತಲ್ಲ! ಅಷ್ಟಕ್ಕೇ ಕಸಿಯೇ ವಾಸಿ ಅನ್ನಬೇಡಿ. ಕಸಿ ಮಾಡಿಸಿಕೊಂಡವರಿಗೂ ಹುಟ್ಟು ಕೂದಲು ಉಳಿಯಬೇಕಾದರೆ ಔಷಧದ ಖರ್ಚು ತಪ್ಪುವುದಿಲ್ಲ. ಅಂದರೆ ಕಸಿ ಆರಿಸಿಕೊಂಡವರು ಎರಡೂ ಖರ್ಚು ಹೊರುತ್ತಾರೆ. ವಿಮೆಯಿಂದ ಇದಕ್ಕೆ ಸಾಮಾನ್ಯವಾಗಿ ಒಂದು ಪೈಸೆಯೂ ಸಿಗುವುದಿಲ್ಲ.

ಯಾರಿಗೆ ಯಾವುದು

ನಿಮಗೆ 30 ಆಗಿಲ್ಲ, ಉದುರುವುದು ನಡೆಯುತ್ತಲೇ ಇದೆ ಅಂದರೆ ಔಷಧ. ಚರ್ಚೆಯೇ ಬೇಡ. ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಗೊತ್ತಾಗದೆ ಸಸಿ ಖರ್ಚು ಮಾಡುವುದು ಕೆರೆಯ ನೀರು ನೋಡದೆ ಗದ್ದೆಗೆ ಇಳಿದಂತೆ. ಒಂದು ವರ್ಷ ಕೊಡಿ. ತಿಂಗಳಿಗೊಮ್ಮೆ ಅದೇ ಕಿಟಕಿಯ ಹತ್ತಿರ, ಅದೇ ಹೊತ್ತಿಗೆ, ಒಣ ಕೂದಲಿನ ಫೋಟೊ ತೆಗೆದಿಡಿ. ಕನ್ನಡಿ ದಿನಕ್ಕೊಂದು ಮಾತು ಹೇಳುತ್ತದೆ, ಫೋಟೊ ಹಾಗೆ ಹೇಳುವುದಿಲ್ಲ.

35 ದಾಟಿದೆ, ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾವಣೆ ಇಲ್ಲ, ಮುಂದೆ ಬೋಳಾಗಿದೆ, ಹಿಂದಲೆ ದಟ್ಟವಾಗಿದೆ. ಇಂಥವರಿಗೆ ಕಸಿ ಚೆನ್ನಾಗಿ ಒಪ್ಪುತ್ತದೆ. ನಾರ್ವುಡ್ 7 ತಲುಪಿದವರಿಗೆ ಆಸೆ ದೊಡ್ಡದು, ಸಸಿ ಕಡಿಮೆ. ಮುಂದಿನ ಭಾಗಕ್ಕೆ ಮಾತ್ರ ತೆಳುವಾಗಿ ನೆಟ್ಟು ನೆತ್ತಿ ಬಿಟ್ಟುಬಿಡಿ ಅಂತ ಹೇಳುವ ಡಾಕ್ಟರ್ ಸಿಕ್ಕರೆ ಅವರನ್ನು ನಂಬಿ. ದಿನಾ ಮಾತ್ರೆ ನೆನಪಿಡಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಕಸಿ ಅನ್ನುವವರು ನಡುಗಡ್ಡೆಯನ್ನು ಇನ್ನೊಮ್ಮೆ ನೆನಪು ಮಾಡಿಕೊಳ್ಳಲಿ.

ಹೆಂಗಸರ ವಿಷಯ ಬೇರೆ. ಬೈತಲೆ ಅಗಲವಾಗುತ್ತಾ ತಲೆಯೆಲ್ಲ ತೆಳುವಾಗುತ್ತದೆ. ಎಷ್ಟೋ ಸಲ ಹಿಂದಲೆಯೂ ತೆಳುವಾಗಿರುವುದರಿಂದ ಕಸಿ ಕೆಲವರಿಗಷ್ಟೇ ಆಗಿಬರುತ್ತದೆ. ಮೊದಲು ಕಬ್ಬಿಣದ ಅಂಶ, ಥೈರಾಯ್ಡ್, ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಪರೀಕ್ಷೆ. ಆಮೇಲೆ ಮಿನಾಕ್ಸಿಡಿಲ್. ಮಕ್ಕಳಾಗುವ ವಯಸ್ಸಿನವರಿಗೆ ಫಿನಾಸ್ಟರೈಡ್ ಬೇಡ.

ಕ್ಲಿನಿಕ್ ಒಳಗೆ ಹೋಗುವ ಮೊದಲು

ಪರೀಕ್ಷೆಗೆ ದೊಡ್ಡ ಬೋರ್ಡಿನ ಜಾಗವೇ ಬೇಕಿಲ್ಲ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಹಳೆಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಎಲ್ಲ ಕಡೆ ಚರ್ಮರೋಗ ವಿಭಾಗ ಇದೆ. ಏನನ್ನೂ ಮಾರದ ಒಬ್ಬ ಡಾಕ್ಟರ್ ಬಾಯಿಂದ ನಿಮ್ಮ ಉದುರುವಿಕೆ ಯಾವುದು ಅಂತ ಮೊದಲು ಕೇಳಿಸಿಕೊಳ್ಳಿ.

ಕಸಿಗೇ ಹೋಗುವುದಾದರೆ, ಯಾರು ಮಾಡುತ್ತಾರೆ ಅನ್ನುವುದೊಂದೇ ದೊಡ್ಡ ಪ್ರಶ್ನೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ತರಬೇತಿ ಪಡೆದ, ನೋಂದಣಿ ಇರುವ ವೈದ್ಯರೇ ಮಾಡಬೇಕು, ವರ್ಕ್‌ಶಾಪಿನಲ್ಲಿ ಕೂತು ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಆಗುವುದಿಲ್ಲ ಅಂತ ಅದರಲ್ಲಿ ನೇರವಾಗಿಯೇ ಬರೆದಿದೆ. ಬರೆಯಬೇಕಾಗಿ ಬಂತು ಅಂದರೆ ಪರಿಸ್ಥಿತಿ ಹೇಗಿತ್ತು ಯೋಚಿಸಿ. ಕಾನ್ಪುರದಲ್ಲಿ ಕಸಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರುಗಳು ತೀರಿಕೊಂಡ ಸುದ್ದಿಯನ್ನು 2025ರಲ್ಲಿ ನಾವೆಲ್ಲ ಓದಿದ್ದೇವೆ. ಗಂಟೆಗಟ್ಟಲೆ ಮರಗಟ್ಟುವ ಔಷಧ ಚುಚ್ಚುವ ಕೆಲಸ ಇದು. ಪ್ರಮಾಣ ಮೀರಿದರೆ ಹೃದಯಕ್ಕೆ ಹೊಡೆತ. ತುರ್ತು ವ್ಯವಸ್ಥೆ ಇದೆಯಾ, ಗ್ರಾಫ್ಟ್ ಕೊರೆಯುವುದು ಡಾಕ್ಟರಾ ಟೆಕ್ನಿಷಿಯನ್ನಾ, ಅದೇ ದಿನ ಇನ್ನೆಷ್ಟು ಜನರಿಗೆ ಮಾಡುತ್ತಾರೆ ಅಂತ ಕೇಳಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಆ ಪತ್ರ ಗೋಡೆಯ ಮೇಲೆ ಇದೆಯಾ ನೋಡಿ. ದುಬೈ, ಲಂಡನ್ನಿನಲ್ಲಿರುವ ನಮ್ಮವರು ಅಗ್ಗ ಅಂತ ಇಸ್ತಾಂಬುಲ್‌ಗೆ ಹೋಗಿಬರುತ್ತಾರೆ. ಅಲ್ಲಿಯೂ ಇದೇ ಪ್ರಶ್ನೆಗಳು. ಜೊತೆಗೆ ಇನ್ನೊಂದು: ಹತ್ತನೇ ದಿನ ಕೀವಾದರೆ ಯಾರಿಗೆ ತೋರಿಸುತ್ತೀರಿ?

ಮದುವೆ ಇಟ್ಟುಕೊಂಡವರು ಮುಹೂರ್ತದಿಂದ ಹಿಂದಕ್ಕೆ ಎಣಿಸಿ. ಕಸಿಗೆ ಕನಿಷ್ಠ ಒಂದು ವರ್ಷ, ಔಷಧಕ್ಕೆ ಆರು ತಿಂಗಳು. ಇನ್ನು ಎರಡೇ ತಿಂಗಳಿದೆ, ಏನಾದರೂ ಮಾಡಿ ಅನ್ನುವವರಿಗೆ ಸರ್ಜರಿ ಮಾಡಿದರೆ ಧಾರೆಯ ಹೊತ್ತಿಗೆ ನೆಟ್ಟದ್ದೆಲ್ಲ ಉದುರಿ, ಮೊದಲಿಗಿಂತ ಕಡೆಯಾಗಿ ಕಾಣುತ್ತದೆ. ಅಂಥವರಿಗೆ ಹೇರ್ ಫೈಬರ್ ಅಂತ ಒಂದು ಪುಡಿ ಸಿಗುತ್ತದೆ. ಇದ್ದ ಕೂದಲಿಗೆ ಅಂಟಿಕೊಂಡು ದಟ್ಟ ಕಾಣಿಸುತ್ತದೆ, ತಲೆ ತೊಳೆದರೆ ಹೋಗುತ್ತದೆ. ಅಕ್ಷತೆ ಬಿದ್ದಾಗ ತಲೆ ಕೊಡವಬೇಡಿ. ಅದೂ ಬೇಡ ಅಂದರೆ ಮೈಸೂರು ಪೇಟ ಇದ್ದೇ ಇದೆ.